ಎರಡನೇ ಸಾಲಿನ ಹಸಿರು ಸೀರೆ

ಕಳೆದ ಭಾನುವಾರ ಮಗಳ ಮನೆಯಲ್ಲಿ ಊಟ ಮುಗಿಸಿ ಕೂತಿದ್ದಾಗ ಅಳಿಯ ಮೊಬೈಲ್ ಹಿಡಿದುಕೊಂಡು ನಗುತ್ತಾ ಬಂದ. ಯಾವುದೋ ವೆಬ್‌ಸೈಟಿನಲ್ಲಿ ನಮ್ಮ ಸಿನಿಮಾದ ಬಗ್ಗೆ ಯಾರಿಗೂ ಗೊತ್ತಿಲ್ಲದ ಸಂಗತಿಗಳು ಅಂತ ಒಂದು ಪಟ್ಟಿ ಹಾಕಿದ್ದಾರಂತೆ. ನಮ್ಮ ಸಿನಿಮಾ ಅಂದರೆ, ಆರು ವರ್ಷದ ಕೆಳಗೆ ನಾನು ಒಂಬತ್ತು ದಿನ ಕೋರ್ಟಿನ ಜನರ ನಡುವೆ ತುಟಿ ಪಿಟಕ್ಕೆನ್ನದೆ ಕೂತಿದ್ದ ಸಿನಿಮಾ. ಕಾನೂನಿನ ಮೇಲೇ ನಂಬಿಕೆ ಕಳೆದುಕೊಂಡ ಡಿಫೆನ್ಸ್ ವಕೀಲನೊಬ್ಬ ಕೊನೆಯ ಸಲ ಒಂದು ಕೇಸು ಹಿಡಿಯುವ ಕಥೆ. ಥಿಯೇಟರಿನಲ್ಲಿ ಎರಡು ವಾರ ಓಡಿತು. ಆಮೇಲೆ ಜನ ಮೊಬೈಲಿನಲ್ಲಿ ನೋಡಿ ನೋಡಿ ಅದಕ್ಕೆ ಹೆಸರು ತಂದರು.

ಅಳಿಯ ಒಂದೊಂದೇ ಓದಿದ. ವಕೀಲನ ಮಾಸಿದ ಕರಿ ಕೋಟನ್ನು ನಿಜವಾದ ವಕೀಲರೊಬ್ಬರಿಂದ ಕೇಳಿ ತಂದಿದ್ದರಂತೆ. ಶುದ್ಧ ಸುಳ್ಳು ಅಂದೆ. ಹೊಸ ಕೋಟಿನ ಮೊಣಕೈಗೆ ಸ್ಯಾಂಡ್ ಪೇಪರ್ ತಿಕ್ಕಿ, ಕಾಲರಿಗೆ ಪೌಡರ್ ಬಡಿದು, ಕೊರಳಿನ ಬಿಳಿ ಬ್ಯಾಂಡನ್ನು ಚಹಾದಲ್ಲಿ ಅದ್ದಿ ಒಣಗಿಸುತ್ತಿದ್ದ ಹುಡುಗಿಯನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಕೊನೆಯ ವಾದದ ಹೊತ್ತಿಗೆ ನಟನ ಹಣೆಯ ಮೇಲಿದ್ದ ಬೆವರು ನಿಜವಾದದ್ದು, ಪಾತ್ರದಲ್ಲಿ ಅಷ್ಟು ಮುಳುಗಿದ್ದರು ಅಂತ ಇನ್ನೊಂದು. ಬೆವರು ನಿಜ, ಮುಳುಗಿದ್ದು ಸುಳ್ಳು. ಫ್ಯಾನಿನ ಸದ್ದು ರೆಕಾರ್ಡಿಂಗಿಗೆ ಬರುತ್ತದೆ ಅಂತ ಪ್ರತಿ ಶಾಟಿಗೂ ಫ್ಯಾನ್ ಆರಿಸುತ್ತಿದ್ದರು. ಹಿಂದೆ ಕೂತ ನಾವು ಎಂಬತ್ತು ಜನವೂ ಬೆವೆತಿದ್ದೆವು, ನಮ್ಮ ಬೆವರಿನ ಬಗ್ಗೆ ಯಾರೂ ಬರೆಯಲಿಲ್ಲ. ಆ ನಾಲ್ಕು ನಿಮಿಷದ ವಾದ ಒಂದೇ ಟೇಕಿನಲ್ಲಿ ಓಕೆ ಆಯಿತಂತೆ! ಹದಿನೈದು ಟೇಕು, ನನ್ನ ಸೊಂಟವನ್ನು ಕೇಳಿ. ಅಳಿಯ ಬಿದ್ದು ಬಿದ್ದು ನಕ್ಕ. ಅವನ ಪಕ್ಕದಲ್ಲಿ ಕೂತಿದ್ದ ನಮ್ಮ ಮನೆಯವರೂ ನಕ್ಕರು.

ನಾಲ್ಕನೆಯದು ತಪ್ಪುಗಳ ಪಟ್ಟಿಯಲ್ಲಿತ್ತು. ಅದೇ ಕೊನೆಯ ವಾದದ ನಡುವೆ ಎರಡನೇ ಸಾಲಿನಲ್ಲಿ ಕೂತ ಹಸಿರು ಸೀರೆಯ ಹೆಂಗಸು ಒಂದು ಶಾಟಿನಲ್ಲಿ ಮಾಯವಾಗಿದ್ದಾಳೆ, ಕುರ್ಚಿ ಖಾಲಿ, ಮುಂದಿನ ಶಾಟಿನಲ್ಲಿ ಮತ್ತೆ ಬಂದು ಕೂತಿದ್ದಾಳೆ, ಕಣ್ಣು ಒದ್ದೆಯಾಗಿದೆ. ಅಳಿಯ, "ಆಯಿ, ನೀವಂತೂ ಫೇಮಸ್ ಆಗಿಬಿಟ್ಟಿರಿ" ಅಂದ.

ಮಗಳು ನಗಲಿಲ್ಲ. ಚಹಾ ಇಡುತ್ತೇನೆ ಅಂತ ಎದ್ದಳು. ನಾನೂ ಹಿಂದೆಯೇ ಅಡುಗೆಮನೆಗೆ ಹೋದೆ. ಗ್ಯಾಸ್ ಹಚ್ಚಿ, ನನ್ನ ಕಡೆ ತಿರುಗದೆಯೇ ಕೇಳಿದಳು, "ಅಮ್ಮ, ಅವತ್ತು ನೀನು ಕುರ್ಚಿಯಿಂದ ಎದ್ದಿದ್ಯಾ?"

ಆ ಶಾಟು ತೆಗೆದ ದಿನ ಅವಳ ಮದುವೆಯ ದಿನ. ನಾನು ಸಾಕ್ಷಿ ಸಹಿ ಹಾಕಬೇಕಾಗಿತ್ತು, ಹೋಗಲಿಲ್ಲ. ಶೂಟಿಂಗಿನವರು ಬಾಗಿಲು ಹಾಕಿದ್ದರು, ಫೋನು ಕಿತ್ತುಕೊಂಡಿದ್ದರು, ಕುರ್ಚಿ ಬಿಟ್ಟು ಅಲ್ಲಾಡಲು ಬಿಡಲಿಲ್ಲ ಅಂತ ಆರು ವರ್ಷ ಅವಳಿಗೆ ಹೇಳಿಕೊಂಡು ಬಂದಿದ್ದೇನೆ. ಅವಳು ನಂಬಿಕೊಂಡೂ ಬಂದಿದ್ದಾಳೆ.

ಹುಡುಗ ಮರಾಠಿ, ಬೇರೆ ಜಾತಿ. ನಮ್ಮ ಮನೆಯವರು ಕೂಗಾಡುವ ಜಾತಿಯವರಲ್ಲ. ಕೂಗಾಡಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಮಗಳು ರಿಜಿಸ್ಟರ್ ಮದುವೆಗೆ ನೋಟಿಸ್ ಕೊಟ್ಟು ಬಂದ ದಿನ ಅವರು ನನಗೆ ಹೇಳಿದ್ದು ಇಷ್ಟೇ, "ಅವಳಿಷ್ಟ ಅವಳದು. ನೀನು ಅಲ್ಲಿಗೆ ಹೋದ್ರೆ ಮಾತ್ರ ಆಮೇಲೆ ನಾನು ನಿನ್ನ ಹತ್ರ ಮಾತಾಡಲ್ಲ." ಬೇರೆ ಗಂಡಸರು ಹೇಳಿದ್ದರೆ ಇದೊಂದು ಬೆದರಿಕೆ ಅಂತ ತಳ್ಳಿಹಾಕಬಹುದಿತ್ತು. ಇವರು ತಮ್ಮ ಸ್ವಂತ ಅಣ್ಣನ ಜೊತೆ ಹನ್ನೊಂದು ವರ್ಷದಿಂದ ಮಾತಾಡಿರಲಿಲ್ಲ. ಕಾರಣ ಏನು ಅಂತ ಅಣ್ಣನಿಗೂ ಸರಿಯಾಗಿ ಗೊತ್ತಿರಲಿಲ್ಲ. ಸಯನ್‌ನ ನಮ್ಮ ಫ್ಲ್ಯಾಟ್‌ನಲ್ಲಿ ಇರುವುದು ಒಂದು ಹಾಲ್, ಒಂದು ರೂಮು, ಒಬ್ಬರು ನಿಂತರೆ ಇನ್ನೊಬ್ಬರು ಕಾಯಬೇಕಾದ ಅಡುಗೆಮನೆ. ಅವರು ಆಗಲೇ ರಿಟೈರ್ ಆಗಿ ದಿನಪೂರ್ತಿ ಮನೆಯಲ್ಲೇ ಇರುತ್ತಿದ್ದರು. ಅಷ್ಟು ಜಾಗದಲ್ಲಿ, ಮಾತು ನಿಲ್ಲಿಸಿದ ಗಂಡಸಿನ ಜೊತೆ ಉಳಿದ ಆಯಸ್ಸು ಕಳೆಯುವುದನ್ನು ನೆನೆಸಿಕೊಂಡರೇ ನನಗೆ ಉಸಿರು ಕಟ್ಟುತ್ತಿತ್ತು.

ಆದರೂ ಮಗಳಿಗೆ ಬರುತ್ತೇನೆ ಅಂತ ಮಾತು ಕೊಟ್ಟೆ. ಮೂವರು ಸಾಕ್ಷಿ ಬೇಕಿತ್ತು. ಇಬ್ಬರು ಅವರ ಸ್ನೇಹಿತರು, ಮೂರನೆಯವಳು ನಾನು. ಬಾಂದ್ರಾದ ರಿಜಿಸ್ಟ್ರಾರ್ ಆಫೀಸಿನಲ್ಲಿ ಗುರುವಾರ ಹನ್ನೆರಡಕ್ಕೆ. ಮನೆಯಿಂದ ಹೊರಬೀಳಲು ಏನು ನೆಪ ಹೇಳುವುದು ಅಂತ ನಾನು ತಲೆ ಕೆಡಿಸಿಕೊಂಡಿದ್ದಾಗ ಕೆಳಗಿನ ಮನೆಯವರು ಒಂದು ದಾರಿ ತೋರಿಸಿದರು. ಉಡುಪಿ ಕಡೆಯವರು, ಸಿನಿಮಾ ಶೂಟಿಂಗಿಗೆ ಜನ ಒದಗಿಸುವವರ ಪರಿಚಯ ಅವರಿಗಿತ್ತು. ಕೋರ್ಟಿನ ಸೀನಿಗೆ ಮರ್ಯಾದಸ್ಥರ ಹಾಗೆ ಕಾಣುವ ಹೆಂಗಸರು ಬೇಕಂತೆ. "ಬನ್ನಿ ಮಾರಾಯ್ರೆ, ಮನೇಲಿ ಕೂತು ಎಂತ ಮಾಡ್ತೀರಿ? ಅಲ್ಲಿ ಕೆಲಸ ಎಂತದೂ ಇಲ್ಲ, ಸುಮ್ನೆ ಕೂತ್ಕೊಳ್ಳುದು" ಅಂದರು.

ನನ್ನ ತಲೆ ಆಗ ಎಷ್ಟು ಚುರುಕಾಗಿ ಓಡಿತು ಅಂತ ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಸೋಮವಾರ, ಮಂಗಳವಾರ, ಬುಧವಾರ ಶೂಟಿಂಗಿಗೆ ಹೋಗುವುದು. ಗುರುವಾರವೂ ಅದೇ ಹೊತ್ತಿಗೆ ಹೊರಟು ಬಾಂದ್ರಾದಲ್ಲಿ ಇಳಿದುಬಿಡುವುದು. ನಮ್ಮ ಮನೆಯವರ ಕಣ್ಣಿಗೆ ಮಣ್ಣೆರಚಲು ಇದಕ್ಕಿಂತ ಸಲೀಸಾದ ಉಪಾಯ ಇಲ್ಲ ಅಂತ ಒಳಗೊಳಗೇ ಬೀಗಿದೆ.

ಶೂಟಿಂಗು ಜೋಗೇಶ್ವರಿಯಲ್ಲಿ, ಸಣ್ಣ ಸಣ್ಣ ಕಾರ್ಖಾನೆಗಳ ಗಲ್ಲಿಯೊಳಗಿನ ಒಂದು ಹಳೇ ಶೆಡ್ಡಿನಲ್ಲಿ. ಒಳಗೆ ಪ್ಲೈವುಡ್ಡಿನ ಕೋರ್ಟು ಎದ್ದಿತ್ತು. ಮೊದಲ ದಿನ ಬೆಳಿಗ್ಗೆ ಒಬ್ಬ ಅಸಿಸ್ಟೆಂಟ್ ಡೈರೆಕ್ಟರ್ ಸಾಲಾಗಿ ಎಲ್ಲರ ಮುಖ ನೋಡುತ್ತಾ ಬಂದು, ನನ್ನನ್ನು ಕರೆದುಕೊಂಡು ಹೋಗಿ ಎರಡನೇ ಸಾಲಿನಲ್ಲಿ, ವಕೀಲನ ಮೇಜಿಗೆ ಸರಿಯಾಗಿ ಹಿಂದೆ ಕೂರಿಸಿದ. ನನ್ನ ಮುಖದಲ್ಲಿ ದುಃಖ ಇದೆಯಂತೆ. ನನಗೆ ಒಂದು ರೀತಿಯ ಹೆಮ್ಮೆಯೇ ಆಯಿತು. ನನ್ನ ಜೊತೆ ಬಂದ ಕೆಳಗಿನ ಮನೆಯವರಿಗೆ ಸಿಕ್ಕಿದ್ದು ಕೊನೆಯ ಸಾಲು, ಕಂಬದ ಮರೆ.

ಹೆಮ್ಮೆಯ ಬೆಲೆ ಬುಧವಾರ ಸಂಜೆ ಗೊತ್ತಾಯಿತು. ನಾಳೆ ನಾನು ಬರುವುದಿಲ್ಲ ಅಂದೆ. ಆ ಅಸಿಸ್ಟೆಂಟ್ ಹುಡುಗ ದೆವ್ವ ಕಂಡವರ ಹಾಗೆ ನಿಂತ. "ಆಂಟಿ, ನೀವು ಕಂಟಿನ್ಯುಟಿಯಲ್ಲಿದ್ದೀರಿ" ಅಂದ. ಒಂಬತ್ತು ದಿನದ ಶೂಟಿಂಗು ಸಿನಿಮಾದಲ್ಲಿ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ಮುಗಿಯುವ ತನಕ ವಕೀಲನ ಬೆನ್ನ ಹಿಂದೆ ಅದೇ ಮುಖ, ಅದೇ ಹಸಿರು ಸೀರೆ, ಅದೇ ಕುರ್ಚಿಯಲ್ಲಿ ಇರಲೇಬೇಕು. ಸೀರೆ ಒಗೆಯಬೇಡಿ, ಮಡಿಕೆ ಬದಲಾಗುತ್ತದೆ ಅಂತ ಯಾಕೆ ಹೇಳಿದ್ದರು ಅಂತ ನನಗೆ ಆಗ ಅರ್ಥವಾಯಿತು. ಗೋಡೆಯ ಗಡಿಯಾರದ ಮುಳ್ಳನ್ನೂ ಹಾಗೇ ನಿಲ್ಲಿಸಿದ್ದರು. ಆ ಕೋರ್ಟಿನಲ್ಲಿ ಒಂಬತ್ತು ದಿನವೂ ಹನ್ನೊಂದೂ ಇಪ್ಪತ್ತು.

ಬರದೇ ಇದ್ದುಬಿಡಬಹುದಿತ್ತು. ಬಂದಿಲ್ಲ ಅಂತ ನನ್ನನ್ನು ಯಾವ ಪೊಲೀಸರೂ ಹಿಡಿಯುತ್ತಿರಲಿಲ್ಲ. ಆದರೆ ನಾನು ಬರದಿದ್ದರೆ ನನ್ನನ್ನು ಸೇರಿಸಿದ ಕೆಳಗಿನ ಮನೆಯವರು ಬೈಸಿಕೊಳ್ಳುತ್ತಾರೆ. ಸಂಜೆ ಮೇಲೆ ಬಂದು ನಮ್ಮ ಮನೆಯವರ ಎದುರಿಗೇ, ಇವತ್ತು ಯಾಕೆ ಬರಲಿಲ್ಲ ಅಂತ ಕೇಳುತ್ತಾರೆ. ಅಲ್ಲಿಗೆ ಎಲ್ಲ ಬಯಲು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡವಳು ನಾನೇ. ಹುಡುಗ ಕೈ ಮುಗಿದ, "ಏಳಕ್ಕೆ ಬನ್ನಿ ಆಂಟಿ, ಹತ್ತಕ್ಕೆ ಬಿಟ್ಟುಬಿಡ್ತೀನಿ." ಜೋಗೇಶ್ವರಿಯಿಂದ ಬಾಂದ್ರಾಕ್ಕೆ ಐದು ಸ್ಟೇಷನ್. ಒಪ್ಪಿಕೊಂಡೆ.

ಗುರುವಾರ ಚೀಲದಲ್ಲಿ ಒಂದು ರೇಷ್ಮೆ ಸೀರೆ, ಆಧಾರ್ ಕಾರ್ಡಿನ ಝೆರಾಕ್ಸು, ಎರಡು ಪಾಸ್‌ಪೋರ್ಟ್ ಸೈಜ್ ಫೋಟೊ ಇಟ್ಟುಕೊಂಡು ಹೋದೆ. ನಟ ಬಂದದ್ದೇ ಒಂಬತ್ತೂವರೆಗೆ. ವಾದ ಶುರುವಾಯಿತು. ತನಗೆ ಈ ಕಟ್ಟಡದ ಮೇಲೆ ನಂಬಿಕೆ ಹೋಗಿದೆ, ಆದರೂ ದಿನಾ ಬರುತ್ತೇನೆ, ಯಾಕೆಂದರೆ ಕಟಕಟೆಯಲ್ಲಿ ನಿಂತವನು ತನ್ನ ವಕೀಲ ಬಂದನೋ ಇಲ್ಲವೋ ಅಂತ ಬಾಗಿಲನ್ನೇ ನೋಡುತ್ತಿರುತ್ತಾನೆ, ಅಂತ ವಕೀಲ ಜಡ್ಜಿಗೆ ಹೇಳುವ ಮಾತು. ಮೊದಲ ಸಲ ಕೇಳಿದಾಗ ಅದು ನನಗೇ ಹೇಳಿದ ಹಾಗಿತ್ತು. ಆರನೇ ಸಲಕ್ಕೆ ಅದು ಸ್ಟೇಷನ್ನಿನ ಅನೌನ್ಸ್‌ಮೆಂಟಿನ ಹಾಗಾಯಿತು. ಒಮ್ಮೆ ನಟ ಮಾತು ಮರೆತ, ಒಮ್ಮೆ ಪಕ್ಕದ ಕಾರ್ಖಾನೆಯಲ್ಲಿ ಯಾರೋ ಸುತ್ತಿಗೆ ಬಡಿದರು, ಒಮ್ಮೆ ಜಡ್ಜಿಗೆ ಕೆಮ್ಮು. ಫೋನುಗಳನ್ನೆಲ್ಲ ಒಂದು ಬುಟ್ಟಿಯಲ್ಲಿ ಹಾಕಿಸಿಕೊಂಡಿದ್ದರು. ಹತ್ತಾಯಿತು, ಹತ್ತೂವರೆಯಾಯಿತು. ಹುಡುಗ ನನ್ನ ಕಡೆ ನೋಡುವುದನ್ನೇ ಬಿಟ್ಟ.

ಹನ್ನೊಂದು ದಾಟಿದ ಮೇಲೆ ಕ್ಯಾಮೆರಾ ಜಾಗ ಬದಲಿಸಲು ಸ್ವಲ್ಪ ಹೊತ್ತು ಬಿಟ್ಟರು. ನಾನು ಎದ್ದೆ. ಬುಟ್ಟಿಯಿಂದ ನನ್ನ ಫೋನು ಎತ್ತಿಕೊಂಡೆ, ಚೀಲ ಹಿಡಿದುಕೊಂಡು ನೇರವಾಗಿ ಬಾಗಿಲಿಗೆ ನಡೆದೆ. ಯಾರೂ ತಡೆಯಲಿಲ್ಲ. ಬಾಗಿಲಿಗೆ ಚಿಲಕವೂ ಹಾಕಿರಲಿಲ್ಲ, ವಾಚ್‌ಮನ್ ಸರಿದು ದಾರಿ ಬಿಟ್ಟ. ರಿಕ್ಷಾ ಹಿಡಿದು ಸ್ಟೇಷನ್ನಿಗೆ ಬಂದು, ಟಿಕೆಟ್ ತೆಗೆದು, ಪ್ಲ್ಯಾಟ್‌ಫಾರ್ಮಿನಲ್ಲಿ ನಿಂತಾಗ ಹನ್ನೊಂದೂ ಮುಕ್ಕಾಲು ಆಗಿರಲಿಲ್ಲ. ಹನ್ನೆರಡಕ್ಕೆ ಮುಟ್ಟದಿದ್ದರೂ ಹತ್ತು ನಿಮಿಷ ಆಚೆಗೆ ಖಂಡಿತ ಮುಟ್ಟುತ್ತಿದ್ದೆ. ಫೋನಿನಲ್ಲಿ ಮಗಳ ಏಳು ಮಿಸ್ಡ್ ಕಾಲ್ ಇದ್ದವು.

ಸ್ಲೋ ಲೋಕಲ್ ಬಂತು. ಲೇಡೀಸ್ ಡಬ್ಬಿ ನನ್ನ ಎದುರಿಗೇ ನಿಂತಿತು, ಒಳಗೆ ಕೂರಲು ಜಾಗವೂ ಇತ್ತು. ಬಾಗಿಲಲ್ಲಿ ನಿಂತಿದ್ದ ಹೆಂಗಸು "ಆವೋ, ಆವೋ" ಅಂತ ಕೈ ಚಾಚಿದಳು. ನನಗೆ ಆಗ ಕಂಡದ್ದು ಬಾಂದ್ರಾ ಅಲ್ಲ, ಮಗಳ ಮುಖವೂ ಅಲ್ಲ. ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಾನು ಸರಿಯಲಿ ಅಂತ ಬಾಯಿ ಬಿಡದೆ ಕಾಯುತ್ತಾ ನಿಂತ ನಮ್ಮ ಮನೆಯವರು. ಇವತ್ತು ಮಾತ್ರ ಅಲ್ಲ, ನಾಳೆ, ನಾಡಿದ್ದು, ಹನ್ನೊಂದು ವರ್ಷ. ಗಾಡಿ ಹೊರಟಿತು. ಇನ್ನೊಂದರಲ್ಲಿ ಹೋಗುತ್ತೇನೆ ಅಂದುಕೊಂಡೆ. ಇನ್ನೊಂದೂ ಬಂತು, ನಿಂತಿತು, ಹೋಯಿತು. ನನ್ನ ಕಾಲು ಏಳಲೇ ಇಲ್ಲ. ಆಮೇಲೆ ಅವೇ ಕಾಲುಗಳು ಮೆಟ್ಟಿಲು ಹತ್ತಿ, ರಿಕ್ಷಾ ಹುಡುಕಿಕೊಂಡು ಶೆಡ್ಡಿನ ತನಕ ಎಷ್ಟು ಚೆನ್ನಾಗಿ ನಡೆದವು!

ಹುಡುಗ ಬಾಗಿಲಲ್ಲೇ ಸಿಕ್ಕಿ, "ಎಲ್ಲಿ ಹೋಗಿದ್ರಿ ಆಂಟಿ?" ಅಂದ. ಹೊಟ್ಟೆ ಸರಿಯಿಲ್ಲ ಅಂದೆ. ನಾನಿಲ್ಲದಾಗ ಬದಿಯಿಂದ ಒಂದು ಶಾಟು ತೆಗೆದುಬಿಟ್ಟಿದ್ದರು, ಆ ಗಡಿಬಿಡಿಯಲ್ಲಿ ಖಾಲಿ ಕುರ್ಚಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾನು ಹೋಗಿ ಕೂತೆ. ಫೋನು ಬುಟ್ಟಿಗೆ ಹೋಯಿತು, ಫ್ಯಾನು ನಿಂತಿತು, ಗಡಿಯಾರದಲ್ಲಿ ಹನ್ನೊಂದೂ ಇಪ್ಪತ್ತು. ಮದುವೆಗೆ ಇನ್ನೂ ನಲವತ್ತು ನಿಮಿಷ ಇದೆ ಅಂತ ಆ ಸುಳ್ಳು ಗಡಿಯಾರ ಹೇಳುತ್ತಿತ್ತು. ಅದನ್ನು ನೋಡಿ ಅತ್ತೆ. ವಕೀಲನ ಮಾತಿಗಲ್ಲ. ಡೈರೆಕ್ಟರ್ ಬಂದು ನನ್ನ ಹೆಗಲು ತಟ್ಟಿ ಹೋದರು.

ಮೂರನೇ ಸಾಕ್ಷಿಯ ಜಾಗದಲ್ಲಿ ಆ ಆಫೀಸಿನ ಎದುರಿಗಿದ್ದ ಝೆರಾಕ್ಸ್ ಅಂಗಡಿಯವನು ಸಹಿ ಹಾಕಿದ. ಮಗಳ ಮದುವೆ ಸರ್ಟಿಫಿಕೇಟಿನಲ್ಲಿ ಇವತ್ತಿಗೂ ಅವನ ಹೆಸರಿದೆ. ಸಂಜೆ ಅವಳಿಗೆ ಫೋನು ಮಾಡಿ ಬಾಗಿಲು, ಬುಟ್ಟಿ, ಕಂಟಿನ್ಯುಟಿ ಎಲ್ಲ ಸೇರಿಸಿ ಹೇಳಿದೆ. "ಬಿಡಮ್ಮ, ನೀನಾದ್ರೂ ಏನು ಮಾಡ್ತೀಯ" ಅಂದಳು. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಇನ್ನು ನಮ್ಮ ಮನೆಯವರು. ಮದುವೆಯಾಗಿ ಎರಡು ವರ್ಷಕ್ಕೆ, ಯಾರೂ ಹೇಳದೆ ಕೇಳದೆ, ಒಂದು ಬೆಳಿಗ್ಗೆ ಷರ್ಟು ಹಾಕಿಕೊಂಡು ಮಗಳ ಮನೆಗೆ ಹೊರಟೇಬಿಟ್ಟರು. ಈಗ ಅಳಿಯ ಅಂದರೆ ಪ್ರಾಣ. ಒಂದು ದಿನ ಊಟಕ್ಕೆ ಕೂತಾಗ, ನೀನು ಅವತ್ತು ಸಹಿ ಹಾಕೋಕೆ ಹೋಗಿದ್ರೆ ನಾನೇನು ನಿಜವಾಗ್ಲೂ ಮಾತು ಬಿಡ್ತಿದ್ನಾ ಅಂತ ನಕ್ಕರು. ತಟ್ಟೆ ಎತ್ತಿ ತಲೆಗೆ ಕುಕ್ಕಬೇಕು ಅನ್ನಿಸಿತು. ಅನ್ನ ಬಡಿಸಿದೆ.

ಅಡುಗೆಮನೆಯಲ್ಲಿ ಮಗಳು ಹಾಗೇ ಬೆನ್ನು ಮಾಡಿ ನಿಂತು, ಕುದಿದ ಚಹಾ ಸೋಸುತ್ತಿದ್ದಳು. ಹೊರಗೆ ಹಾಲ್‌ನಲ್ಲಿ ಅವಳಪ್ಪ, ಅಳಿಯ ಇನ್ನೂ ಆ ಪಟ್ಟಿ ಓದಿಕೊಂಡು ನಗುತ್ತಿದ್ದರು. ಬಾತ್‌ರೂಮಿಗೆ ಎದ್ದಿದ್ದೆ ಅಂದುಬಿಟ್ಟರೆ ಮುಗಿದುಹೋಗುತ್ತಿತ್ತು, ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆ ಸುಳ್ಳಿನೊಳಗೆ ಆರು ವರ್ಷ ಕೂತು ನನಗೆ ಸಾಕಾಗಿತ್ತು.

"ಎದ್ದಿದ್ದೆ. ಸ್ಟೇಷನ್ ತನಕ ಬಂದಿದ್ದೆ," ಅಂದೆ.

ಅವಳು ಚಹಾ ಸೋಸುವುದನ್ನು ನಿಲ್ಲಿಸಿದಳು. ಕನ್ನಡ ಅವಳಿಗೆ ತಡವರಿಸಿಕೊಂಡೇ ಬರುತ್ತದೆ, ಆದರೆ ನನ್ನ ಹತ್ತಿರ ಅದರಲ್ಲೇ ಮಾತಾಡುತ್ತಾಳೆ. "ಗಾಡಿ... ಗಾಡಿ ಲೇಟ್ ಇತ್ತಾ? ಅವತ್ತು ಏನೋ ಪ್ರಾಬ್ಲಮ್ ಇತ್ತಲ್ವಾ ಲೈನಲ್ಲಿ?"

ಏನೂ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ನನಗೆ ತಪ್ಪಿಸಿಕೊಳ್ಳಲು ಅವಳೇ ದಾರಿ ಮಾಡಿಕೊಡುತ್ತಿದ್ದಳು.

"ಇಲ್ಲ ಮಗಳೇ. ಎರಡು ಗಾಡಿ ಬಂತು. ನಾನು ಹತ್ತಲಿಲ್ಲ."

ಅವಳು ಒಂದೊಂದಾಗಿ ನಾಲ್ಕು ಕಪ್ಪಿಗೂ ಚಹಾ ತುಂಬಿದಳು.

"ಅವತ್ತು ಆಫೀಸಲ್ಲಿ ನಮ್ಮ ನಂಬರ್ ಕರೆದಾಗ ನಾನು ಬೇರೆಯವರನ್ನ ಮುಂದೆ ಬಿಟ್ಟೆ, ಅಮ್ಮ," ಅಂದಳು. "ಮೂರು ಜೋಡಿ ಬಿಟ್ಟೆ. ನೀನು ಫೋನ್ ಎತ್ತಲಿಲ್ಲ ಅಲ್ವಾ, ಗಾಡೀಲಿದ್ದೀಯ ಅಂದ್ಕೊಂಡೆ."