ಅಡುಗೆಮನೆಯಲ್ಲಿ ಬೂಟು

ಯಾರಿಗೂ ಹೇಳಬೇಡಿ, ಕೆಲವು ದಿನಗಳಿಂದ ನಾನು ಬೂಟು ಹಾಕಿಕೊಂಡೇ ಅಡುಗೆಮನೆಯಲ್ಲಿ ಸಾರು ಕುದಿಸುತ್ತಿದ್ದೇನೆ. ದೇವರ ಕಪಾಟಿನ ಮುಂದೆ ಬಂದಾಗ ಮಾತ್ರ ಬಿಚ್ಚುತ್ತೇನೆ. ಆ ಉದ್ದನೆಯ ಲೇಸು ಬಿಚ್ಚಿ ಮುಗಿಸುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿರುತ್ತದೆ. ಮೊನ್ನೆ ಕಾಲೇಜಿನಿಂದ ಬಂದ ಮಗಳು ಬಾಗಿಲಲ್ಲೇ ನಿಂತು, "ಮಮ್, ಯು ಲುಕ್ ಲೈಕ್ ಎ ಬಿಲ್ಡರ್" ಅಂದಳು. ನಾನು ಕನ್ನಡದಲ್ಲಿ ಬೈದೆ, ಅವಳು ಇಂಗ್ಲಿಷಿನಲ್ಲಿ ಸಾರಿ ಅಂದು ಕನ್ನಡದಲ್ಲೇ ನಕ್ಕಳು.

ವಿಷಯ ಇಷ್ಟೇ: ನಾನೂ ನಮ್ಮನೆಯವರೂ ಹಿಮಾಲಯದ ತಪ್ಪಲಿಗೆ ಹೊರಟಿದ್ದೇವೆ! ಹಳ್ಳಿಯಿಂದ ಹಳ್ಳಿಗೆ ಕಾಲ್ನಡಿಗೆ, ಜೊತೆಗೊಬ್ಬ ಗೈಡ್, ಸಂಜೆಯಾದರೆ ಯಾವುದೋ ಹಳ್ಳಿಯವರ ಮನೆಯಲ್ಲಿ ಬಿಸಿ ರೊಟ್ಟಿ, ಕಂಬಳಿ. ನೆನೆಸಿಕೊಂಡರೇ ಮೈಯೆಲ್ಲ ಜುಮ್ ಅನ್ನುತ್ತದೆ. ಹೊಸ ಬೂಟಿನಲ್ಲಿ ಏಕಾಏಕಿ ಬೆಟ್ಟ ಹತ್ತಿದರೆ ಹಿಮ್ಮಡಿಯಲ್ಲಿ ಬೊಕ್ಕೆ ಏಳುತ್ತದಂತೆ, ಮೊದಲು ಮನೆಯಲ್ಲೇ ಹಾಕಿ ಪಳಗಿಸಿ ಅಂತ ಟೂರಿನವರು ಹೇಳಿದರು. ಹಾಲು ತರಲೂ ಕಾರು ತೆಗೆಯುತ್ತಿದ್ದ ನಮ್ಮನೆಯವರು ಈಗ ಪ್ರತಿ ಭಾನುವಾರ ಇಲ್ಲಿ ಲಂಡನ್ನಿನ ಹ್ಯಾರೋದ ಗುಡ್ಡ ಹತ್ತುತ್ತಾರೆ. ಬೆನ್ನಿಗೆ ಭಾರ ಅಭ್ಯಾಸವಾಗಲಿ ಎಂದು ಚೀಲದೊಳಗೆ ಸೋನಾ ಮಸೂರಿ ಅಕ್ಕಿ! ಲಗೇಜೆಲ್ಲ ಜೀಪಿನಲ್ಲಿ ಬರುತ್ತದೆ, ನೀವು ಹೊರಬೇಕಾದ್ದು ನೀರಿನ ಬಾಟಲಿ ಮಾತ್ರ ಎಂದು ಗೊತ್ತಾದದ್ದು ಆಮೇಲೆ. ಗುಡ್ಡ ಹತ್ತಿಳಿದ ಆ ಅಕ್ಕಿಯನ್ನೇ ಈಗ ಉಣ್ಣುತ್ತಿದ್ದೇವೆ, ರುಚಿಯೇನೂ ಕೆಟ್ಟಿಲ್ಲ.

ನಮ್ಮ ಹಿರಿಯರು ಕಾಶಿಗೆ ನಡೆದೇ ಹೋಗುತ್ತಿದ್ದರಂತೆ. ಮರಳಿ ಬರುವ ನಂಬಿಕೆಯಿಲ್ಲದೆ ಮನೆಮಂದಿಗೆಲ್ಲ ಬುದ್ಧಿ ಹೇಳಿ, ಬೀಗದ ಕೈ ಒಪ್ಪಿಸಿ ಹೊರಡುತ್ತಿದ್ದರು. ನಾವು ಇನ್ಶೂರೆನ್ಸ್ ಮಾಡಿಸಿ, ಪಕ್ಕದ ಮನೆಯವರಿಗೆ ಕರಿಬೇವಿನ ಕುಂಡ ಒಪ್ಪಿಸಿ ಹೊರಡುತ್ತೇವೆ. ಹೊರಡುವ ಮೊದಲು ಹಿರಿಯರಿಗೆ ಹೇಳಿ, ಆಶೀರ್ವಾದ ಪಡೆಯಬೇಕೆಂಬುದು ಮಾತ್ರ ಆಗಲೂ ಈಗಲೂ ಒಂದೇ. ನಾನು ಸಿಕ್ಕಿಬಿದ್ದದ್ದು ಅಲ್ಲೇ.

ಕುಂದಾಪುರದಲ್ಲಿ ನನ್ನ ಅಕ್ಕ ಇದ್ದಾಳೆ. ಅಮ್ಮ ಹೋದ ಮೇಲೆ ನನಗೆ ತಾಯಿಯೂ ಅವಳೇ, ತವರೂ ಅವಳೇ. ರಿಟೈರ್ ಆದ ಪ್ರೈಮರಿ ಶಾಲೆ ಟೀಚರು. ನಾನೂ ಅವಳ ಕ್ಲಾಸಿನಲ್ಲಿ ಕೂತವಳು. ಭೂಪಟದಲ್ಲಿ ನನ್ನ ಹಿಮಾಲಯ ಜಾರಿ ವಿಂಧ್ಯದ ಹತ್ತಿರ ಬಂತೆಂದು ಕಿವಿ ಹಿಂಡಿದ್ದಳು. ಮಡಿ ಮೈಲಿಗೆಯಲ್ಲೂ ಅಷ್ಟೇ ಕಟ್ಟುನಿಟ್ಟು. ಜ್ವರ ನೋಡಲು ಬಂದ ಡಾಕ್ಟರನ್ನೂ ಜಗಲಿಯಲ್ಲೇ ಬೂಟು ಬಿಚ್ಚಿಸಿ ಒಳಗೆ ಬಿಟ್ಟವಳು ಅವಳು.

ಲಂಡನ್ನಿಗೆ ಬಂದ ಮೇಲೆ ನಮ್ಮ ರಜೆಯೆಲ್ಲ ಊರಿಗೇ ಮೀಸಲು. ಮದುವೆ, ಮುಂಜಿ, ಗೃಹಪ್ರವೇಶ. ಸೂಟ್‌ಕೇಸಿನ ತುಂಬ ಚಾಕೊಲೇಟು, ಮನೆ ಮನೆಗೆ ಕಾರು, ಮನೆಗೊಂದು ಲೋಟ ಕಾಫಿ. ಪ್ರೀತಿಗೇನೂ ಕಡಿಮೆಯಿಲ್ಲ ಬಿಡಿ, ಆದರೆ ವಾಪಸ್ ಬಂದ ಮೇಲೆ ಸುಧಾರಿಸಿಕೊಳ್ಳಲು ಇನ್ನೊಂದು ರಜೆ ಬೇಕು. ಇದೊಂದು ಸಲ ನಮ್ಮಿಬ್ಬರದೇ ರಜೆ ಅಂತ ಆಸೆಪಟ್ಟೆ. ಇಂಡಿಯಾಕ್ಕೆ ಹೋಗಿ, ಯಾರದೋ ಊರಲ್ಲಿ ಉಂಡು, ನಮ್ಮೂರಿಗೆ ಕಾಲಿಡದೆ ಬರುವುದೆಂದರೆ! ಅಕ್ಕನಿಗೆ ಯಾವ ಬಾಯಲ್ಲಿ ಹೇಳಲಿ? ಅವಳು ನೊಂದುಕೊಂಡರೆ ಆ ಬೆಟ್ಟದಲ್ಲಿ ನನಗೆ ಒಂದು ಹೆಜ್ಜೆಯೂ ಸಾಗದು. ಊರಿಗೂ ಬನ್ನಿ ಅಂದರೆ ಅಷ್ಟು ರಜೆಯಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂತ ದಿನ ತಳ್ಳಿದೆ.

ಆದರೆ ಇಲ್ಲಿ ನಮ್ಮ ರೇನರ್ಸ್ ಲೇನಿನಲ್ಲಿ ಸೀನಿದರೆ ಕುಂದಾಪುರದಲ್ಲಿ ಕಷಾಯ ಕುದಿಯುತ್ತದೆ. ನಮಗೆ ಅಕ್ಕಿ ಮಾರಿದ ಅಂಗಡಿಯಾಕೆಯೂ ನಮ್ಮ ಕಡೆಯವರೇ. ಆ ಅಕ್ಕಿ ಹೊತ್ತು ನಮ್ಮನೆಯವರು ಗುಡ್ಡ ಹತ್ತುವುದನ್ನು ಕಂಡು, ಕಾರಣ ಕೇಳಿ, ಊರಿನಲ್ಲಿರುವ ತಮ್ಮ ತಂಗಿಗೆ ಫೋನು ಮಾಡಿದ್ದಾರೆ. ಆ ತಂಗಿ ಇರುವುದು ನನ್ನ ಅಕ್ಕನ ಬೀದಿಯಲ್ಲಿ. ಮಾರನೆಯ ದಿನವೇ ಅಕ್ಕನ ಫೋನು.

"ಹೌದಾ ಹೆಣೆ, ದುಡ್ಡ್ ಕೊಟ್ಟ್ ನಡೂಕೆ ಹೋತ್ರಿ ಅಂಬ್ರಲೆ?"

ನಾನು ರಜೆ ಸಾಲದು, ಮುಂದಿನ ವರ್ಷ ಖಂಡಿತ ಎಂದೆಲ್ಲ ತೊದಲಿದೆ.

"ಹಂಗಾರೆ ಊರಿಗ್ ಬಪ್ಪುದಿಲ್ಯಾ?"

"ಇಲ್ಲ ಅಕ್ಕಾ."

ಬೇಡ, ಟೂರು ಬಿಟ್ಟು ಊರಿಗೇ ಬರುತ್ತೇನೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಕ್ಕ ಬಾಯಿಬಿಟ್ಟಳು.

"ಇಷ್ಟ್ ವರ್ಷ ಮಕ್ಕಳಿಗೆ ಹಿಮಾಲಯ ಬಿಡಿಸೂಕೆ ಕಲ್ಸಿದೆ ಮಾರಾಯ್ತಿ. ಅದ್ ನಿಜವಾಯ್ ಅಲ್ಲಿತ್ತಾ ಅಂತ ಒಂದ್ಸಲ ಕಾಂಬುದ್ ಬ್ಯಾಡ್ದಾ? ನಂಗೂ ಒಂದ್ ಟಿಕೆಟ್ ಮಾಡ್. ದಿಲ್ಲಿಗ್ ನಾನೇ ಬತ್ತೆ."

ನನಗೆ ನಗುವೂ ಬಂತು, ಅಳುವೂ ಬಂತು. ಎಷ್ಟು ಸಲ ಊರಿಗೆ ಹೋದರೂ ಅಕ್ಕನಿಗೆ ಸೀರೆ ಕೊಟ್ಟೆ, ಬಾದಾಮಿ ಕೊಟ್ಟೆ. ನಿನಗೆ ಎಲ್ಲಿಗಾದರೂ ಹೋಗುವ ಆಸೆಯುಂಟಾ ಅಂತ ಕೇಳಬೇಕೆಂದು ಹೊಳೆದೇ ಇರಲಿಲ್ಲ. ಅಂದೇ ಮೂರನೆಯ ಜಾಗ ಕಾದಿರಿಸಿದೆವು. ನಮ್ಮಿಬ್ಬರದೇ ರಜೆ ಎಂಬುದು ಹೋಯಿತು, ಹೋಗಲಿ! ಈಗ ನನಗಿರುವ ಹೆದರಿಕೆ ಬೇರೆ. ದಿನಾ ಸಮುದ್ರದ ತನಕ ನಡೆದು ಬರುವವಳು ಅವಳು, ಗೈಡನ್ನೂ ಹಿಂದೆ ಹಾಕಿ ಹೋದಾಳು.

ಬೂಟಿನ ವಿಷಯ ಮಾತ್ರ ಅಂಜುತ್ತಲೇ ಹೇಳಿದೆ. "ಮನೆ ಒಳಗಾ?" ಅಂದವಳು ಫೋನಿಟ್ಟುಬಿಟ್ಟಳು. ನಿನ್ನೆ ವಿಡಿಯೋ ಕಾಲ್ ಬಂತು. ಅಕ್ಕನ ಮುಖ ಕಂಡಿತು, ಸೀರೆಯ ನೆರಿಗೆ ಕಂಡಿತು, ಆಮೇಲೆ ಕೆಳಗೆ ಮಿರಮಿರ ಮಿಂಚುವ ನೇರಳೆ ಬಣ್ಣದ ಎರಡು ಬೂಟು! ಹಿಂದೆ ಕಾಣುತ್ತಿದ್ದದ್ದು ಡಾಕ್ಟರು ಬರಿಗಾಲಲ್ಲಿ ನಡೆದ ಅದೇ ನಡುಮನೆ.

"ಅಕ್ಕಾ, ದೇವರು?" ಅಂದೆ.

"ಅವ್ನಿಗೆ ಹೇಳಿಯೇ ಹಾಕಂಡದ್ದ್. ನಿನ್ ಮನಿಗೇ ಬಪ್ಪುದಲ್ದಾ, ಸ್ವಲ್ಪ ದಿನ ಸುಧಾರಿಸ್ಕೋ ಅಂದೆ."

ಇವತ್ತು ಬೆಳಿಗ್ಗೆ ನಾನೂ ಬೂಟಿನಲ್ಲೇ ಕಪಾಟಿನ ಮುಂದೆ ನಿಂತು, ಅಕ್ಕನ ಹೆಸರು ಹೇಳಿ ಕೈ ಮುಗಿದೆ. ಹಾಲು ಉಕ್ಕಲಿಲ್ಲ.