ನೀಹಾರಿಕೆಯ ಮೂರನೆಯ ಪ್ಲೇಟು

ಪುಣೆಯ ನಮ್ಮ ವಾಡೆಯಲ್ಲಿ ಇಲಿ ಬಿದ್ದ ವರ್ಷವೇ ನನಗೆ ಆಕಾಶದ ಫೋಟೋ ತೆಗೆಯುವ ಹುಚ್ಚು ಹಿಡಿಯಿತು. ಪ್ಲೇಗಿಗೆ ಹೆದರಿ ಪೇಠೆಗೆ ಪೇಠೆಯೇ ಖಾಲಿಯಾಗಿ, ಮುಠಾ ನದಿಯಾಚೆಯ ಹೊಲದಲ್ಲಿ ಎಲ್ಲರೂ ತಟ್ಟಿಯ ಗುಡಿಸಲು ಹಾಕಿಕೊಂಡಿದ್ದೆವು. ನಮ್ಮ ಗುಡಿಸಲಿನಲ್ಲಿ ನಾನು, ಹದಿನೈದು ದಿನದ ಬಾಣಂತಿ ಹೆಂಡತಿ, ಹೆಣ್ಣು ಕೂಸು, ಮತ್ತು ಅಕ್ಕ. ಅವ್ವ ಸತ್ತ ಮೇಲೆ ಧಾರವಾಡದಲ್ಲಿ ನನ್ನನ್ನು ಸಾಕಿದವಳು ಅಕ್ಕ. ಗಂಡ ತೀರಿಕೊಂಡ ಮೇಲೆ ನನ್ನ ಜೊತೆಗೇ ಪುಣೆಗೆ ಬಂದಿದ್ದಳು.

ಬಿಡಾರದ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಬಿಟ್ಟುಬಂದ ಮನೆಯ ಬೀಗ ಯಾರೂ ತೆಗೆಯಕೂಡದು. ತೆಗೆದವನು ಹೆಂಡತಿ ಮಕ್ಕಳ ಸಮೇತ ಅಂದೇ ಹೊಲ ಬಿಡಬೇಕು. ರೈಲಿನಲ್ಲಿ ತಪಾಸಣೆಯ ಕಾಟ. ಹಸಿ ಬಾಣಂತಿಯನ್ನು ಕರೆದುಕೊಂಡು ನಾನು ಹೋಗುವುದಾದರೂ ಎಲ್ಲಿಗೆ? ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು.

ಕಚೇರಿಯ ಸಾಹೇಬರೊಬ್ಬರು ವಿಲಾಯತಿಗೆ ಹೋಗುವಾಗ ತಮ್ಮ ದುರ್ಬೀನನ್ನು ನನಗೆ ಬಿಟ್ಟುಹೋಗಿದ್ದರು. ಊರಿನ ದೀಪಗಳೆಲ್ಲ ಆರಿದ್ದರಿಂದ ಆಕಾಶ ಕಾಡಿಗೆಯಷ್ಟು ಕಪ್ಪಾಗಿತ್ತು. ಜನ ಸಾಯುತ್ತಿದ್ದರು, ನಾನು ಆಕಾಶ ಸ್ವಚ್ಛವಾಯಿತೆಂದು ಹಿಗ್ಗುತ್ತಿದ್ದೆ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ. ಊಟವಾದ ಕೂಡಲೇ ದುರ್ಬೀನಿನ ತುದಿಗೆ ಗಾಜಿನ ಪ್ಲೇಟು ಸಿಕ್ಕಿಸಿ, ಮೃಗಶಿರದ ಕೆಳಗಿನ ಆ ಮಂಜಿನಂಥ ನೀಹಾರಿಕೆಯತ್ತ ತಿರುಗಿಸುತ್ತಿದ್ದೆ. ಪಕ್ಕಕ್ಕೆ ಬಿಗಿದ ಚಿಕ್ಕ ದುರ್ಬೀನಿನೊಳಗೆ ಒಂದು ನಕ್ಷತ್ರವನ್ನು ಅಡ್ಡಲಾಗಿ ಕಟ್ಟಿದ ಕೂದಲೆಳೆಯ ಮೇಲೆ ಹಿಡಿದು, ಅದು ಜಾರದಂತೆ ಅರ್ಧ ಗಂಟೆ ತಿರುಪು ತಿರುಗಿಸಬೇಕು. ಕತ್ತು ಹಿಡಿದುಹೋಗುತ್ತಿತ್ತು.

ಮೊದಲನೆಯ ಪ್ಲೇಟಿನಲ್ಲಿ ಚುಕ್ಕೆಗಳೆಲ್ಲ ಶಾವಿಗೆಯಾದವು. ಎರಡನೆಯದನ್ನು ಚಿತ್ರ ಮೂಡಿಸುವ ಔಷಧದಲ್ಲಿ ಗುಡಿಸಲಿನಲ್ಲೇ ತೊಳೆಯಲು ಹೋಗಿ ಕೆಟ್ಟೆ. ತಟ್ಟಿಯ ಸಂದಿನಿಂದ ಬೆಳಕು ನುಗ್ಗಿತು, ಬಾವಿಯ ನೀರಿನ ಮರಳು ಗಾಜಿಗೆ ಅಂಟಿತು. ಮೂರನೆಯದು ಹಾಗಾಗಬಾರದು ಎಂದುಕೊಂಡೆ. ಕಿಟಕಿಯಿಲ್ಲದ ಕತ್ತಲೆ ಮತ್ತು ತಿಳಿಯಾದ ನಳದ ನೀರು ಎರಡೂ ಇದ್ದದ್ದು ನಮ್ಮ ಮನೆಯ ಬಚ್ಚಲಲ್ಲಿ.

ಭಾನುವಾರ ಮಧ್ಯಾಹ್ನ, ಗಳಕ್ಕೆ ತೂಗುಹಾಕಿದ್ದ ಬೀಗದ ಕೈ ಜೇಬಿಗಿಳಿಸಿ, ಮೂರನೆಯ ಪ್ಲೇಟನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿಕೊಂಡು, ಗೆಳೆಯನ ಮನೆಗೆಂದು ಹೇಳಿ ಹೊರಟೆ. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಬಚ್ಚಲ ಬಾಗಿಲು ಹಾಕಿಕೊಂಡು, ಅದರಡಿಯ ಸಂದಿಗೆ ನನ್ನ ಶಾಲನ್ನು ತುರುಕಿ, ಕಂದೀಲಿಗೆ ಕೆಂಪು ಬಟ್ಟೆ ಸುತ್ತಿದೆ. ಕಾಲಿಗೆ ಏನೋ ಮೆತ್ತಗೆ ತಗುಲಿತು. ಒರೆಸುವ ಅರಿವೆ ಇರಬೇಕೆಂದು ಶಾಲಿನ ಕಡೆಗೆ ಸರಿಸಿದೆ. ಔಷಧದೊಳಗೆ ಪ್ಲೇಟು ನಿಧಾನವಾಗಿ ಬಣ್ಣ ತಿರುಗಿತು. ಚುಕ್ಕೆಗಳು ದುಂಡಗಿದ್ದವು, ಅವುಗಳ ನಡುವೆ ಬೆರಳಿನಿಂದ ತೀಡಿದಂಥ ಮಸಿ. ಬೆಳಕು ಪ್ಲೇಟಿನ ಮೇಲೆ ಕಪ್ಪಾಗಿ ಮೂಡುತ್ತದೆ. ಅದೇ ನೀಹಾರಿಕೆ. ನನಗೆ ಕುಣಿಯಬೇಕೆನ್ನಿಸಿತು.

ಬಾಗಿಲು ತೆರೆದ ಮೇಲೂ ಮೊದಲು ಬೆಳಕಿಗೆ ಹಿಡಿದು ನೋಡಿದ್ದು ಪ್ಲೇಟನ್ನೇ. ಆಮೇಲೆ ಕೆಳಗೆ ನೋಡಿದೆ. ಶಾಲಿಗೆ ಒತ್ತಿಕೊಂಡು ಸತ್ತ ಇಲಿ ಬಿದ್ದಿತ್ತು. ಇಲಿಯ ಚಿಗಟದಿಂದಲೇ ಬೇನೆ ಬರುತ್ತದೆಂದು ಡಾಕ್ಟರರು ಸಾರಿ ಸಾರಿ ಹೇಳುತ್ತಿದ್ದರು. ಶಾಲು ಬಿಟ್ಟುಹೋದರೆ ಅಕ್ಕ ಕೇಳುತ್ತಾಳೆ. ನಾಲ್ಕು ಸಲ ಜಾಡಿಸಿ ಹೆಗಲಿಗೆ ಹಾಕಿಕೊಂಡೆ.

ಗುಡಿಸಲಿನ ಹೊರಗೇ ಅಕ್ಕ ತಡೆದಳು.

"ಎಲ್ಲಿ ಹೋಗಿದ್ದೀ?"

"ಗೆಳೆಯನ ಮನಿಗೆ."

ಔಷಧದಿಂದ ಕಪ್ಪಾದ ನನ್ನ ಬೆರಳುಗಳನ್ನು ಅವಳು ನೋಡಿದಳು. ಇಲ್ಲಿಯ ನೀರಿನಲ್ಲಿ ಆ ಕೆಲಸ ಆಗುವುದಿಲ್ಲವೆಂದು ನಾನೇ ಅವಳೆದುರು ಗೊಣಗಿದ್ದೆ.

"ಒಳಗ ಬರಬ್ಯಾಡ. ಕೂಸು ಅದ. ಶಾಲು ಇತ್ತ ತಾ, ಕುದಿಯೋ ನೀರಿನಾಗ ಹಾಕ್ತೀನಿ."

ನಾನೇ ಹಾಕುತ್ತೇನೆ ಎನ್ನಬಹುದಿತ್ತು. ಎನ್ನಲಿಲ್ಲ. ಅವಳು ಅದನ್ನು ಕಂಕುಳಲ್ಲಿ ಇರುಕಿಕೊಂಡು ಒಲೆಯತ್ತ ಹೋದಳು. ಅಂದಿನಿಂದ ನಾವಿಬ್ಬರೂ ಹೊರಗೇ ಮಲಗಿದೆವು. ಗಡ್ಡೆ ಎದ್ದಿದೆಯೋ ಎಂದು ನಾನು ದಿನಾ ನನ್ನ ಕಂಕುಳು ಮುಟ್ಟಿ ನೋಡಿಕೊಳ್ಳುತ್ತಿದ್ದೆ, ಅವಳದನ್ನು ಕೇಳಲು ಧೈರ್ಯವಾಗಲಿಲ್ಲ.

ನಾಲ್ಕನೆಯ ದಿನ ಅಕ್ಕನಿಗೆ ಜ್ವರ ಬಂತು, ಸಂಜೆಗೆ ಗಡ್ಡೆ ಎದ್ದಿತು. ಆಸ್ಪತ್ರೆಯ ಡೋಲಿ ಬರುವ ಮೊದಲೇ ಹಿರಿಯರು ಬಂದು ದೂರ ನಿಂತರು.

"ಖರೇ ಹೇಳ್ರಿ. ನಿಮ್ಮೊಳಗ ಮನಿ ಬೀಗ ಯಾರು ತಗದಾರ?"

ನಾನು ಗುಡಿಸಲಿನ ಬಾಗಿಲತ್ತ ನೋಡಿದೆ. ಒಳಗೆ ಕೂಸು ಅಳುತ್ತಿತ್ತು.

ಅಕ್ಕ ಚಾಪೆಯ ಮೇಲೆ ಮೊಣಕೈ ಊರಿ ಎದ್ದಳು. "ನಾನ ರೀ. ಮಾವಿನ ಉಪ್ಪಿನಕಾಯಿ ಜಾಡಿ ಅಲ್ಲೇ ಉಳದಿತ್ತು. ಬಾಯಿ ಕೆಟ್ಟಿತ್ತು, ತಡಕೊಳ್ಳಲಿಕ್ಕೆ ಆಗಲಿಲ್ಲ."

ಕಟ್ಟಳೆ ಹೇಳಿದಂಥ ಹೆಂಡತಿ ಮಕ್ಕಳು ಅವಳಿಗಿರಲಿಲ್ಲ. ಅವಳ ತಪ್ಪಿಗೆ ಯಾರನ್ನೂ ಓಡಿಸುವಂತಿರಲಿಲ್ಲ. ನಮ್ಮನ್ನು ಹತ್ತು ದಿನ ಹೊಲದ ಅಂಚಿನಲ್ಲಿ ಬೇರೆ ಇಟ್ಟು ಸುಮ್ಮನಾದರು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಮಾಡಿದವನು ನಾನು, ಉಂಡವಳು ಅವಳು. ಆಸ್ಪತ್ರೆಗೆ ಹೋದ ಮೂರನೆಯ ದಿನ ತೀರಿಕೊಂಡಳು.

ಆ ಕೂಸಿಗೆ ಈಗ ಮಕ್ಕಳಿದ್ದಾರೆ. ಅವರು ಉಪ್ಪಿನಕಾಯಿಗೆ ಇನ್ನೊಮ್ಮೆ ಕೈಯೊಡ್ಡಿದರೆ, "ನಮ್ಮ ಸೋದರತ್ತಿ ಹಾಂಗ ಬಾಯಿ ಚಪಲಕ್ಕ ಸಾಯ್ತೀರೇನು?" ಎಂದು ಗದರುತ್ತಾಳೆ. ಪಂಕ್ತಿಯಲ್ಲಿ ಎಲ್ಲರೂ ನಗುತ್ತಾರೆ. ನಾನೂ ಎಷ್ಟೋ ಸಲ ನಕ್ಕಿದ್ದೇನೆ.