ಹಿತ್ತಲಲ್ಲಿ ಎದ್ದ ಅತ್ತೆಯ ಮನೆ

ಆಗೆಲ್ಲ ವಿದ್ಯಾರಣ್ಯಪುರಂನ ನಮ್ಮ ಬೀದಿಯಲ್ಲಿ ಯಾರ ಮನೆ ಮುಂದೆ ಮರಳು ಬಿದ್ದರೂ ಅದು ಮೊದಲು ಮಕ್ಕಳದ್ದು. ಕಪಿಲೆ ಹೊಳೆಯ ಮರಳು. ಕೈ ಹೂತರೆ ತಣ್ಣಗೆ, ಕೆದಕಿದರೆ ಪುಟ್ಟ ಶಂಖಗಳು. ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಮನೆಯೆಲ್ಲ ಅವರೆಕಾಯಿ ಸೊಗಡು ಹರಡಿದ್ದ ದಿನಗಳಲ್ಲಿ, ನಮ್ಮ ಮನೆಗೂ ಒಂದು ಲೋಡು ಬಂತು.

ಅಪ್ಪ ಹಿತ್ತಲಲ್ಲಿ ಔಟ್‌ಹೌಸು ಕಟ್ಟಿಸಲು ಹೊರಟಿದ್ದರು. ಒಂದು ಕೋಣೆ, ಅಡುಗೆಮನೆ, ಬಚ್ಚಲು. ಅದು ಅಪ್ಪನ ತಂಗಿ ಸರೋಜತ್ತೆಗೆ. ದಸರಾ ಕಳೆದು ವಾರಕ್ಕೆ ಅತ್ತೆ ಗಂಡನ ಮನೆಯಿಂದ ಎಡಗೈ ಮುರಿಸಿಕೊಂಡು, ಉಟ್ಟ ಸೀರೆಯಲ್ಲೇ ಬಂದಿದ್ದಳು. ಇನ್ನು ಹೋಗುವುದಿಲ್ಲ ಎಂದಳು. "ಹೋಗ್ಬೇಡ ಬುಡು" ಎಂದರು ಅಪ್ಪ, ಅಷ್ಟೇ.

ಅಪ್ಪನ ತಮ್ಮ ರವಿ ಚಿಕ್ಕಪ್ಪ ನಮ್ಮ ಜೊತೆಯಲ್ಲೇ ಇದ್ದ. ನನ್ನನ್ನು ಸೈಕಲ್ ಬಾರಿನ ಮೇಲೆ ಕೂರಿಸಿಕೊಂಡು ಹೋಗಿ ಚುರುಮುರಿ ಕೊಡಿಸುತ್ತಿದ್ದವನು. ಅವನಿಗೆ ಹೆಣ್ಣು ನೋಡುತ್ತಿದ್ದರು. ಹಿತ್ತಲ ಜಾಗ ಅವನಿಗೇ ಎಂದು ತಾತ ಸಾಯುವ ಮುಂಚೆ ಮಾತು ಕೊಟ್ಟಿದ್ದರಂತೆ. ನನಗದು ಆಗ ಗೊತ್ತಿರಲಿಲ್ಲ. ಪಾಯ ತೆಗೆದ ದಿನದಿಂದ ಅವನು ಅಪ್ಪನ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ ಎನ್ನುವುದು ಮಾತ್ರ ಗೊತ್ತಿತ್ತು.

ಗೋಡೆ ಕಿಟಕಿ ಮಟ್ಟಕ್ಕೆ ಬಂದಿತ್ತು. ಅವತ್ತು ಭಾನುವಾರ, ಕೆಲಸದವರಿರಲಿಲ್ಲ. ಒಳಗಿಂದ ಅವರೆಕಾಳು ಉಪ್ಪಿಟ್ಟಿನ ಒಗ್ಗರಣೆ ಘಮ್ಮೆನ್ನುತ್ತಿತ್ತು. ನಾನು ಹಸಿ ಗೋಡೆಗೆ ಪೈಪಿನಲ್ಲಿ ನೀರು ಬಿಡುತ್ತಿದ್ದೆ. ಚಿಕ್ಕಪ್ಪ ಹಾರೆ ಹಿಡಿದು ಬಂದ.

"ಪುಟ್ಟಿ, ಆ ಕಡೆ ಹೋಗು."

ತಮಾಷೆ ಎಂದು ನಾನು ನಕ್ಕೆ. ಅವನು ಬೀಸಿ ಹೊಡೆದ. ಮೂರನೇ ಏಟಿಗೆ ಗೋಡೆಯ ಮೂಲೆ ದಬದಬನೆ ಉರುಳಿತು. ಅತ್ತೆ ಓಡಿಬಂದು, ಉಳಿದ ಗೋಡೆಗೆ ಬೆನ್ನು ಕೊಟ್ಟು ನಿಂತಳು.

"ನಂಗೇ ಹೊಡಿಯೋ ರವಿ. ತಿಂದು ತಿಂದು ಅಭ್ಯಾಸ ಆಗೋಗದೆ."

ಹಾರೆ ಅವನ ತಲೆಯ ಮೇಲೆಯೇ ನಿಂತಿತು. ಅಷ್ಟರಲ್ಲಿ ಅಪ್ಪ ಬಂದವರೇ ಹಿಂದಿನಿಂದ ಗುದ್ದಲಿ ಕಾವಿನಲ್ಲಿ ಅವನ ಬೆನ್ನಿಗೆ ಬಾರಿಸಿದರು. ಇಬ್ಬರೂ ಮರಳ ಮೇಲೆ ಉರುಳಾಡಿದರು. ಅಪ್ಪನ ಹಲ್ಲು ಮುರಿಯಿತು. ಚಿಕ್ಕಪ್ಪ ಎದೆಯ ಮೇಲೆ ಕೂತು ಕತ್ತು ಹಿಸುಕಿದ. ಅಳುತ್ತಲೇ ಹಿಸುಕುತ್ತಿದ್ದ.

"ನಿಂಗೆ ತಂಗಿ ಒಬ್ಳೇನಾ? ನಾನ್ಯಾರು? ಹೇಳಣ್ಣ, ನಾನ್ಯಾರು?"

ಅಪ್ಪನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ನನ್ನ ಕಾಲ ಬಳಿ ಅರ್ಧ ಇಟ್ಟಿಗೆ ಇತ್ತು. ಎರಡೂ ಕೈಯಲ್ಲಿ ಎತ್ತಿ ಚಿಕ್ಕಪ್ಪನ ತಲೆಗೆ ಕುಕ್ಕಿದೆ.

ಅವನು ತಿರುಗಿ ನನ್ನನ್ನು ನೋಡಿದ. ಕೈ ಸಡಿಲವಾಯಿತು. ಕಿವಿಯ ಪಕ್ಕದಿಂದ ಇಳಿದ ರಕ್ತ ನನ್ನ ಫ್ರಾಕಿನ ಮೇಲೆ ಬಿಸಿಬಿಸಿಯಾಗಿ ಬಿತ್ತು. ಎಡಗೈ ಇನ್ನೂ ಸರಿಯಾಗಿ ಕೂಡಿರದ ಅತ್ತೆ ಒಂದೇ ಕೈಯಲ್ಲಿ ಸೆರಗು ಹರಿಯಲು ಹೆಣಗಾಡಿ, ಕೊನೆಗೆ ಹಲ್ಲಿನಿಂದ ಹರಿದು ಅವನ ತಲೆಗೆ ಕಟ್ಟಿದಳು.

ಆಸ್ಪತ್ರೆಯಲ್ಲಿ ಏಳು ಹೊಲಿಗೆ. ಹೊಡೆದಾಟವಾದರೆ ಪೊಲೀಸರಿಗೆ ಹೇಳಬೇಕಾಗುತ್ತದೆ ಎಂದರು ಡಾಕ್ಟರು. ನಾನು ಅಮ್ಮನ ಸೊಂಟ ಅವುಚಿಕೊಂಡು ನಿಂತಿದ್ದೆ.

"ಗೋಡೆ ಮೇಲಿಂದ ಇಟ್ಟಿಗೆ ಬಿತ್ತು ಸಾ" ಎಂದ ಚಿಕ್ಕಪ್ಪ.

ಹೊಲಿಗೆ ಬಿಚ್ಚಿದ ದಿನವೇ ಅವನು ಊರಿನ ಇನ್ನೊಂದು ತುದಿಯ ಒಂಟಿಕೊಪ್ಪಲಿನಲ್ಲಿ ಬಾಡಿಗೆ ಕೋಣೆ ಹಿಡಿದು ಹೋದ. ಗೋಡೆ ಮತ್ತೆ ಎದ್ದಿತು, ತಾರಸಿ ಬಿತ್ತು. ಅತ್ತೆ ಇವತ್ತಿಗೂ ಅಲ್ಲೇ ಇದ್ದಾಳೆ, ಒಂದು ಏಟೂ ತಿನ್ನದೆ. ಅಣ್ಣತಮ್ಮಂದಿರು ಮಾತ್ರ ಮತ್ತೆ ಮಾತಾಡಲಿಲ್ಲ. ಒಂದು ಬಸ್ಸಿನ ದಾರಿ. ಒಮ್ಮೆ ಹೋಗಿ ತಪ್ಪಾಯಿತು ಎನ್ನಬೇಕೆಂದುಕೊಂಡೇ ನಾನೂ ದೊಡ್ಡವಳಾದೆ, ಹೋಗಲಿಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡಾಗ ಚಿಕ್ಕಪ್ಪ ಬಂದ. ತಲೆ ಪೂರ್ತಿ ನರೆತಿತ್ತು. ಗೇಟಿನ ಆಚೆಯೇ ನಿಂತಿದ್ದ. ಅತ್ತೆ ಹೋಗಿ ಕೈ ಹಿಡಿದಳು.

"ಒಳಗೆ ಬಾರೋ ರವಿ."

ಅವನು ಅಪ್ಪನನ್ನು ಮಲಗಿಸಿದ್ದ ಕಡೆ ನೋಡಿದ.

"ಕರೀಬೇಕಾದೋನೇ ಹೊಂಟೋಗ್ಬುಟ್ನಲ್ಲಕ್ಕ" ಎಂದ.